ಪುಡಿ ನಿಂತ ಮೇಲೆ

ಆ ಹಳ್ಳಿಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ನನ್ನನ್ನು ಮೊದಲು ಕಾಡಿದ್ದು ಅದೇ.

ಸಿದ್ದಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಮನೆ ಶಿರಸಿ ಹತ್ತಿರದ ಇಸಳೂರಿನಲ್ಲಿ. ಚಳಿ ಮುಗಿದು ಕಾಡಿನಲ್ಲಿ ಎಲೆ ಉದುರಿ ಒಣಗುವ ಹೊತ್ತಿಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾವಲು ಶುರುವಾಗುತ್ತದೆ. ಎಲ್ಲಾದರೂ ಮಂಗ ಸತ್ತುಬಿದ್ದ ಸುದ್ದಿ ಬಂದರೆ ಸಾಕು, ಸುತ್ತಲಿನ ಹಳ್ಳಿಗಳಲ್ಲಿ ಮೈಕೈ ನೋವು ಎಂದವರನ್ನೆಲ್ಲ ನಾವು ಅನುಮಾನದಿಂದ ನೋಡುತ್ತೇವೆ. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸುತ್ತೇವೆ. ಆ ಬಾರಿಯೂ ಕಾಡಂಚಿನ ಒಂದು ಹಳ್ಳಿಯಿಂದ ಒಂದೇ ವಾರದಲ್ಲಿ ನಾಲ್ಕೈದು ಜನ ಬಂದರು. ಎಲ್ಲರೂ ಐವತ್ತು ದಾಟಿದವರು. ಮೈಯೆಲ್ಲ ನೋವು, ಸುಸ್ತು, ಊಟ ಸೇರುವುದಿಲ್ಲ. ಥರ್ಮಾಮೀಟರ್ ಇಟ್ಟರೆ ಮೈ ತಣ್ಣಗೆ. ಮಂಗನ ಕಾಯಿಲೆ ಜ್ವರವಿಲ್ಲದೆ ಬರುವುದಿಲ್ಲ.

ಅವರಲ್ಲಿ ಒಬ್ಬರು ಮದುವೆ ಮುಂಜಿಗಳಿಗೆ ಅಡುಗೆ ಮಾಡುವ ಭಟ್ಟರು. ಸಾವಿರ ಎಲೆಯ ಊಟವನ್ನು ಒಬ್ಬರೇ ನಿಂತು ನಿಭಾಯಿಸುವವರೆಂದು ಹೆಸರು. ನನ್ನ ಮನೆಮಾತೂ ಅವರದೇ ಆದ್ದರಿಂದ ಕುರ್ಚಿ ಎಳೆದು ಹತ್ತಿರ ಕೂತು ಕೇಳಿದೆ.

"ಎಲ್ಲಿ ನೋವು ಹೇಳಿ."

"ಗಂಟು ಗಂಟಿಗೂ ಇದ್ದು. ಆದ್ರೆ ಗಂಟಿನ ನೋವಲ್ಲ ಇದು. ಮೂಳೆ ಒಳಗೆ ಯಾರೋ ಕೂತು ಹೊರಗೆ ಬಪ್ಪಲೆ ನೋಡ್ತಾ ಇದ್ದಾಂಗೆ ಆಗ್ತು."

ಜ್ವರ ಬಂದಿತ್ತೇ ಎಂದು ಮತ್ತೆ ಕೇಳಿದೆ.

"ಇಲ್ಲೆ. ಜ್ವರ ಬಂದಿದ್ರೆ ಚೊಲೋ ಇತ್ತು. ಎಂತು ಹೇಳಿ ಗೊತ್ತಾಗ್ತಿತ್ತು."

ಮೊದಲು ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಿರಾ ಎಂದೆ. ಅವರು ಗೋಡೆಯ ಮೇಲಿನ ಲಸಿಕೆ ಚಿತ್ರ ನೋಡುತ್ತ "ಎಂತೂ ಇಲ್ಲೆ" ಎಂದರು. ಉಳಿದವರನ್ನು ಕೇಳಿದಾಗಲೂ ಅಷ್ಟೇ. ಮಾತು ಬೇರೆ ಬೇರೆ, ಆದರೆ ಎಲ್ಲರೂ ಉತ್ತರ ಕೊಡುವ ಮೊದಲು ಒಂದು ಗಳಿಗೆ ನನ್ನಿಂದ ಕಣ್ಣು ತಪ್ಪಿಸುತ್ತಿದ್ದರು. ಇನ್ನೊಂದು ವಿಷಯ ನನಗೆ ಆಗ ಅರ್ಥವಾಗಲಿಲ್ಲ. ಒಂದೇ ಊರಿನಿಂದ ಒಂದೇ ಬೆಳಗ್ಗೆ ಬಂದವರು ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಮಾತಾಡಿಸದೆ, ನಡುವೆ ಜಾಗ ಬಿಟ್ಟು ಕೂತಿದ್ದರು.

ರಕ್ತ ಕಳಿಸಿ, ವರದಿಗೆ ಕಾಯದೆ ಮರುದಿನವೇ ಆ ಹಳ್ಳಿಗೆ ಹೋದೆ. ಅಲ್ಲಿನ ಆಶಾ ಕಾರ್ಯಕರ್ತೆ ರಸ್ತೆ ತಿರುವಿನಲ್ಲಿ ಕಾಯುತ್ತಿದ್ದಳು. ನಲವತ್ತೈದರ ಹೆಂಗಸು, ಚುರುಕಿನವಳು, ನನಗೆ ಅಲ್ಲಿನ ಕಣ್ಣು ಕಿವಿ ಎರಡೂ ಆಗಿದ್ದವಳು. ಆವತ್ತು ಮೋರಿಯ ಕಟ್ಟೆ ಹಿಡಿದು ನಿಂತಿದ್ದಳು.

"ನಿಂಗೂ ಹುಷಾರಿಲ್ವಾ?" ಎಂದೆ.

"ನಂಗೆಂತ ಇಲ್ಲ ಮೇಡಂ. ಬಿಸಿಲಿಗೆ ಅಷ್ಟೆ."

ಮಧ್ಯಾಹ್ನದ ಊರು. ಅಂಗಳದಲ್ಲಿ ಒಣಗಿಸಿದ ಬಟ್ಟೆ ಹಾಗೇ ಇತ್ತು. ಕೊಟ್ಟಿಗೆಯಲ್ಲಿ ಎಮ್ಮೆಯೊಂದು ನೀರಿಗಾಗಿ ಕೂಗುತ್ತಿತ್ತು, ಯಾರೂ ಏಳುತ್ತಿರಲಿಲ್ಲ. ಎಲ್ಲ ಮನೆಯ ಬಾಗಿಲೂ ತೆರೆದೇ ಇದ್ದವು. ಒಳಗೆ ಚಾಪೆಯ ಮೇಲೆ, ಮಂಚದ ಮೇಲೆ ಜನ ಎಚ್ಚರವಾಗಿ ಮಲಗಿದ್ದರು. ನಾನು ಒಳಗೆ ಹೋದರೆ ತಲೆ ಎತ್ತಿ ನೋಡುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಮನೆಯಲ್ಲಿ ಒಬ್ಬ ಮುದುಕಿ ಹಾಗೆ ತಲೆ ಎತ್ತಿದಾಗ, ಇವರನ್ನು ಈಗಷ್ಟೇ ಹಿಂದಿನ ಮನೆಯಲ್ಲಿ ನೋಡಿದೆನಲ್ಲ ಅನ್ನಿಸಿತು. ಮುಂದಿನ ಮನೆಯಲ್ಲಿ ಒಬ್ಬ ಗಂಡಸು. ಅದೇ ಮುಖ. ಕಿವಿ ಕಾಣದಷ್ಟು ಉಬ್ಬಿದ ದುಂಡು ಕೆನ್ನೆ, ಕೆನ್ನೆಯ ಮೇಲೆ ಕೆಂಪು, ಸಣ್ಣದಾದ ಕಣ್ಣು. ಆ ಮುಖದ ಕೆಳಗೆ ಕಡ್ಡಿಯಂಥ ಕೈಕಾಲು. ಬೇರೆ ಬೇರೆ ಜಾತಿಯ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಜನ. ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದರು.

ನನಗೆ ಹೊರಗೆ ಬಂದು ಗಾಳಿಗೆ ನಿಲ್ಲಬೇಕು ಅನ್ನಿಸಿತು. ಆಶಾ ಕಾರ್ಯಕರ್ತೆ ನೀರಿನ ಬಾಟಲಿ ಚಾಚಿದಳು. ತೆಗೆದುಕೊಳ್ಳುವಾಗ ಅವಳ ಮುಖವನ್ನು ನೋಡಿದೆ. ಈಚೆಗೆ ದಪ್ಪಗಾಗಿದ್ದಾಳೆ ಎಂದಷ್ಟೇ ಅಂದುಕೊಂಡಿದ್ದೆ. ಅವಳದೂ ಅದೇ ಮುಖ.

"ಈ ಊರಲ್ಲಿ ಎಲ್ರೂ ಎಂತ ಔಷಧಿ ತಗಳ್ತಾರೆ?" ಎಂದು ನೇರವಾಗಿ ಕೇಳಿದೆ.

"ಎಂತದೂ ಇಲ್ಲ ಮೇಡಂ," ಎಂದಳು. ಎರಡು ಹೆಜ್ಜೆ ನಡೆದು ತಾನಾಗಿಯೇ, "ತಗಂಡ್ರೂ ಯಾರೂ ಹೇಳೂದಿಲ್ಲ" ಎಂದು ಸೇರಿಸಿದಳು. 

ಸ್ಟೆರಾಯ್ಡ್ ಎಂಬ ಅನುಮಾನ ನನಗೆ ಅಲ್ಲೇ ಬಂತು. ಓದುವಾಗ ಈ ಮುಖವನ್ನು ಚಂದ್ರನ ಮುಖ ಎಂದು ಕಲಿತಿದ್ದೆವು. ದೀರ್ಘಕಾಲ ಆ ಔಷಧಿ ತಿಂದವರಲ್ಲಿ ಮುಖ ಉಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ನಮ್ಮ ದೇಹಕ್ಕೆ ಬೇಕಾದ ಕಾರ್ಟಿಸಾಲನ್ನು ತಾನೇ ಮಾಡುತ್ತದೆ; ಹೊರಗಿನಿಂದ ಸಿಕ್ಕತೊಡಗಿದರೆ ಅದು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಆಮೇಲೆ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲ. ಗಂಟು, ಮೂಳೆ, ಸ್ನಾಯು ಎಲ್ಲ ಒಟ್ಟಿಗೆ ನೋಯತೊಡಗುತ್ತವೆ. ರಕ್ತದೊತ್ತಡ ಕುಸಿಯುತ್ತದೆ. ಒಂದು ಸಣ್ಣ ವಾಂತಿಭೇದಿಯೂ ಸಾವು ತರಬಹುದು. ಆದರೆ ಒಬ್ಬಿಬ್ಬರಲ್ಲ, ಒಂದು ಊರು ಹೇಗೆ ಒಂದೇ ವಾರದಲ್ಲಿ ಔಷಧಿ ನಿಲ್ಲಿಸಿತು? ಯಾರು ಕೊಟ್ಟಿದ್ದರು? ಬರೀ ಮುಖ ನೋಡಿ ಊರಿಗೆಲ್ಲ ಸ್ಟೆರಾಯ್ಡ್ ಕೊಡಲು ನನಗೆ ಧೈರ್ಯ ಇರಲಿಲ್ಲ.

ಶಿವಮೊಗ್ಗದ ವರದಿ ಬಂತು. ಯಾರಲ್ಲೂ ಮಂಗನ ಕಾಯಿಲೆ ಇಲ್ಲ. ಅದೇ ಬೆಳಗ್ಗೆ ಇಸಳೂರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ನಾನು ಆಕೆಯ ಹತ್ತಿರ ರವಿಕೆ ಹೊಲಿಸಿದ್ದೆ. ಬನವಾಸಿ ಕಡೆಯಿಂದ ಮದುವೆಯಾಗಿ ಬಂದ ದರ್ಜಿ. ಆಕೆ ನಕ್ಕು ಮಾತಾಡಿಸುವವರೆಗೆ ಗುರುತು ಹತ್ತಲಿಲ್ಲ. ಸಿದ್ದಾಪುರದ ಕಾಡಂಚಿನ ಮುಖ ಇಲ್ಲಿಗೂ ಬಂದು ಕೂತಿತ್ತು.

"ಮಷಿನ್ ತುಳಿಯೂದ ಆಗವಲ್ದು ನೋಡ್ರಿ," ಎಂದಳು. "ಕಾಲಾಗಿನ ಎಲುಬು ಯಾರೋ ಹಿಂಡಿದಂಗ ಆಗ್ತೈತಿ. ಮುಂಜಾನೆ ಎದ್ದು ನಿಂತ್ರ ಕಣ್ಣು ಕತ್ತಲಿ."

"ಏನಾದ್ರೂ ಔಷಧಿ ತಗೊಳ್ತಿದ್ರಾ?"

ಆಕೆ ಬಸ್ಸು ಬರುವ ದಿಕ್ಕಿನತ್ತ ಮುಖ ತಿರುಗಿಸಿದಳು. "ಅದನ್ನ ಕೇಳಬ್ಯಾಡ್ರಿ," ಎಂದಳು.

ನಾನು ಕೇಂದ್ರ ತಲುಪುವಷ್ಟರಲ್ಲಿ ಅಡುಗೆ ಭಟ್ಟರನ್ನು ಜೀಪಿನಲ್ಲಿ ಕರೆತಂದಿದ್ದರು. ಹಿಂದಿನ ದಿನದಿಂದ ವಾಂತಿ. ಕಣ್ಣು ಅರ್ಧ ಮುಚ್ಚಿತ್ತು, ಕೈಗಳು ತಣ್ಣಗೆ ಬೆವೆತಿದ್ದವು. ರಕ್ತದೊತ್ತಡ ಎಪ್ಪತ್ತರ ಹತ್ತಿರ. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ತೀರ ಕಡಿಮೆ. ನರ್ಸ್ ಸಲೈನ್ ಹಾಕಿದಳು, ನಾನು ಗ್ಲೂಕೋಸ್ ಕೊಟ್ಟೆ. ಸಕ್ಕರೆ ಏರಿತು. ಒತ್ತಡ ಏರಲಿಲ್ಲ. ಎರಡನೆಯ ಬಾಟಲಿಯೂ ಇಳಿಯಿತು, ಒತ್ತಡ ಹಾಗೇ. ಶಿರಸಿಗೆ ಕಳಿಸಬೇಕು, ಆಂಬುಲೆನ್ಸ್ ಇನ್ನೊಂದು ಕೇಸಿಗೆ ಹೋಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

"ಇವ್ರು ಎಂತ ತಿಂತಿದ್ರು ಹೇಳಿ, ಈಗ ಹೇಳಿ" ಎಂದು ಅವರನ್ನು ಬೇಡಿಕೊಂಡೆ. ಆಕೆ ಅಳುತ್ತ ತಲೆಯಾಡಿಸಿದರು. 

ನಮ್ಮ ತುರ್ತು ಪೆಟ್ಟಿಗೆಯಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟೆರಾಯ್ಡಿನ ಪುಟ್ಟ ವಯಲ್ ಸೀಸೆಗಳು ಇರುತ್ತವೆ, ಉಬ್ಬಸದವರಿಗಾಗಿ. ನನ್ನ ಅನುಮಾನ ತಪ್ಪಾಗಿ, ಇದು ಮೈಗೆಲ್ಲ ಹರಡಿದ ಸೋಂಕಾಗಿದ್ದರೆ ಅದನ್ನು ಕೊಟ್ಟು ಕೆಡಿಸಿದೆ ಎಂಬ ಮಾತು ಬರುತ್ತಿತ್ತು. ಅನುಮಾನ ಸರಿಯಾಗಿದ್ದು ಕೊಡದೆ ಹೋದರೆ ಅವರು ಶಿರಸಿ ಮುಟ್ಟುತ್ತಿರಲಿಲ್ಲ. ಕಾರ್ಟಿಸಾಲ್ ಪರೀಕ್ಷೆಗೆಂದು ಒಂದು ಟ್ಯೂಬ್ ರಕ್ತ ತೆಗೆದಿಟ್ಟು, ಒಂದು ವಯಲ್ ನೀರಲ್ಲಿ ಕರಗಿಸಿ ನಿಧಾನವಾಗಿ ನರಕ್ಕೆ ಕೊಟ್ಟೆ.

ಒಂದು ಗಂಟೆಯೂ ಆಗಿರಲಿಲ್ಲ. ಒತ್ತಡ ಮೇಲೆ ಬಂತು. ಭಟ್ಟರು ಕಣ್ಣು ಬಿಟ್ಟು ಸುತ್ತ ನೋಡಿ, ತಾವಾಗಿಯೇ ಮೊಣಕೈ ಊರಿ ಎದ್ದು ಕೂತರು. ಬೆರಳು ಮಡಚಿದರು, ಬಿಡಿಸಿದರು. "ನೋವು ಹೋಜು," ಎಂದರು, ಹೋಯಿತೆಂದು ನಂಬಿಕೆಯೇ ಬಾರದವರ ಹಾಗೆ. ಕಿಟಕಿಯಲ್ಲಿ ಇಣುಕುತ್ತಿದ್ದವರು ಸದ್ದಿಲ್ಲದೆ ಹಿಂದೆ ಸರಿದರು. ಯಾರೂ ಸಂತೋಷಪಡಲಿಲ್ಲ. ಅವರು ಟ್ರೇಯಲ್ಲಿದ್ದ ಖಾಲಿ ಸಿರಿಂಜನ್ನು ನೋಡಿದ ರೀತಿ ನನಗೆ ಈಗಲೂ ಹಿತವಾಗಿಲ್ಲ.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿ ಅವರ ಪಕ್ಕ ಕೂತೆ. ತಿಂದದ್ದು ಏನೆಂದು ಗೊತ್ತಾಗಿತ್ತು, ಕೊಟ್ಟವರು ಯಾರೆಂದು ಗೊತ್ತಾಗಬೇಕಿತ್ತು.

"ಎಂತ ತಗಂಡಿದ್ರಿ ಹೇಳಿ ಯಂಗೆ ಗೊತ್ತಾಜು. ಯಾರು ಕೊಡ್ತಿದ್ದ ಹೇಳಿ ಮಾತ್ರ ಹೇಳಿ."

"ಹೇಳಲಾಗ್ತಿಲ್ಲೆ ತಂಗಿ."

"ಎಂತಕ್ಕೆ?"

ಅವರು ಬಾಗಿಲು ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು. ಯಲ್ಲಾಪುರ ಕಡೆಯಿಂದ ಒಬ್ಬರು ತಿಂಗಳಿಗೊಮ್ಮೆ ಬೈಕಿನಲ್ಲಿ ಬಂದು ಗಂಟುನೋವಿನ ಪುಡಿ ಕೊಡುತ್ತಿದ್ದರು. ಮೊದಲ ಪೊಟ್ಟಣದಲ್ಲೇ ನೋವು ಮಾಯ. ಒಂದೇ ಷರತ್ತು: ಪುಡಿ ತಿನ್ನುವ ಸಂಗತಿಯನ್ನು ಯಾರಿಗೂ ಹೇಳಬಾರದು, ಮನೆಯವರಿಗೆ ಬಿಟ್ಟು; ಡಾಕ್ಟರಿಗಂತೂ ಹೇಳಲೇಬಾರದು. ಯಾರಾದರೂ ಒಬ್ಬರು ಬಾಯಿ ಬಿಟ್ಟರೆ ತಿಂದವರೆಲ್ಲರ ನೋವೂ ಎರಡರಷ್ಟಾಗಿ ವಾಪಸು ಬರುತ್ತದೆ. ಎರಡು ತಿಂಗಳಿಂದ ಆ ಮನುಷ್ಯ ಬಂದಿಲ್ಲ. ಇಟ್ಟುಕೊಂಡಿದ್ದ ಪುಡಿ ಒಬ್ಬೊಬ್ಬರದಾಗಿ ಮುಗಿದಿದೆ. ನೋವು ಬಂದಿದೆ. ಎರಡರಷ್ಟಾಗಿಯೇ ಬಂದಿದೆ.

"ಯಾರೋ ಬಾಯಿ ಬಿಟ್ಟಿದ್ದ," ಎಂದರು ಭಟ್ಟರು. "ಯಾರು ಹೇಳಿ ಗೊತ್ತಿಲ್ಲೆ. ಊರಲ್ಲಿ ಯಾರ ಮುಖ ನೋಡಿದ್ರೂ ಇವ್ನೇ ಆಗಿಕ್ಕು ಹೇಳಿ ಅನಸ್ತು. ಅವ್ಕೂ ಯನ್ನ ನೋಡಿದ್ರೆ ಹಾಂಗೇ ಅನಸ್ತಿಕ್ಕು. ಈಗ ಆನೇ ಹೇಳಿದ್ದೆ. ಇನ್ನೆಂತ ಆಗ್ತೋ."

ಅವರು ಹೆದರಿದ್ದು ಸಾವಿಗಲ್ಲ. ತಾನು ಹೇಳಿದ್ದರಿಂದ ಇನ್ಯಾರಿಗೋ ಏನಾದರೂ ಆದೀತೆಂದು. ಅದೇ ತಿಂಗಳು ಆ ಊರಿನಲ್ಲಿ ಒಬ್ಬ ಮುದುಕಿ ಮಲಗಿದಲ್ಲೇ ತೀರಿಕೊಂಡಿದ್ದಳು. ವಯಸ್ಸಾಗಿತ್ತು ಎಂದು ಎಲ್ಲರೂ ಅಂದುಕೊಂಡಿದ್ದರು. ಬೈಕು ಅವಳ ಮನೆ ಮುಂದೆಯೂ ನಿಲ್ಲುತ್ತಿತ್ತು, ಅವಳೂ ಪುಡಿ ತಿನ್ನುತ್ತಿದ್ದಳೆಂದು ಭಟ್ಟರು ಹೇಳಿದರು. ಆ ಸಾವು ಯಾವುದರಿಂದ ಎಂದು ತಿಳಿಯುವ ದಾರಿ ಈಗ ಇಲ್ಲ.

ಹುಬ್ಬಳ್ಳಿಯಲ್ಲಿ ನನಗೆ ಪಾಠ ಹೇಳಿದ ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, "ಎಲ್ಲರಿಗೂ ವಾಪಸ್ ಶುರು ಮಾಡು. ಆಮೇಲೆ ತಿಂಗಳುಗಟ್ಟಲೆ ಹಿಡಿದು ಇಳಿಸು. ಆದರೆ ಮೊದಲು ಯಾರ್ಯಾರು ತಿಂದಿದ್ದಾರೆ ಅಂತ ಅವರ ಬಾಯಿಂದಲೇ ಬರಬೇಕು, ಮುಖ ನೋಡಿ ಹಂಚಬೇಡ" ಎಂದರು. ತಾಲ್ಲೂಕು ಆರೋಗ್ಯಾಧಿಕಾರಿಗೂ ತಿಳಿಸಿದೆ. ಅವರು ಊರಿನಲ್ಲಿ ಸಭೆ ಕರೆದು ತಿಳಿವಳಿಕೆ ಹೇಳೋಣ ಎಂದರು. ಸಭೆ ಆಯಿತು. ನಾನು ಗ್ರಂಥಿಯ ಚಿತ್ರ ಬರೆದು ವಿವರಿಸಿದೆ. ಪುಡಿ ತಿಂದವರು ಕೈ ಎತ್ತಿ ಎಂದೆ. ಭಟ್ಟರು ಶಿರಸಿಯ ಆಸ್ಪತ್ರೆಯಲ್ಲಿದ್ದರು. ಉಳಿದ ಅಷ್ಟೂ ದುಂಡು ಮುಖಗಳು ನನ್ನನ್ನೇ ನೋಡುತ್ತ ಕೂತಿದ್ದವು. ಒಂದು ಕೈ ಎದ್ದಿದ್ದರೆ ಆ ಕೈಯವರೇ ಊರಿಗೆ ನೋವು ತಂದವರಾಗುತ್ತಿದ್ದರು.

ಪುಡಿಯವರನ್ನು ಹಿಡಿಸಿ ಪೊಲೀಸರಿಗೆ ಒಪ್ಪಿಸಬೇಕು ಎಂಬ ಮಾತು ಕಚೇರಿಯಲ್ಲಿ ಬಂತು. ನನಗೂ ಸಿಟ್ಟಿತ್ತು. ಆದರೆ ಅವರನ್ನು ಹಿಡಿದೊಯ್ದರೆ ಊರಿನವರ ಬಾಯಿ ಇನ್ನಷ್ಟು ಮುಚ್ಚುತ್ತದೆ, ಪುಡಿಯ ಮಹಿಮೆ ಇನ್ನಷ್ಟು ಬೆಳೆಯುತ್ತದೆ. ಬಾಯಿಗೆ ಬೀಗ ಹಾಕಿದವರೇ ಅದನ್ನು ತೆಗೆಯಬೇಕು. ದೂರು ಹೇಗೂ ಕೊಡಬೇಕಾಗಿತ್ತು. ಅದಕ್ಕಿಂತ ಮೊದಲು ನಾನೇ ಹೋಗಿ ನೋಡುತ್ತೇನೆ ಎಂದು ತೀರ್ಮಾನಿಸಿದೆ.

ಯಲ್ಲಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಕೋಲಾ ಹೆದ್ದಾರಿಯ ಪಕ್ಕ, ಲಾರಿಗಳು ಹಾದಾಗಲೆಲ್ಲ ಹೆಂಚು ನಡುಗುವ ಮನೆ. ಅವರ ಹೆಂಡತಿ ಬಾಗಿಲು ತೆಗೆದರು. ಪುಡಿಗೆ ಬಂದವಳೆಂದು ತಿಳಿದು "ಈಗ ಕೊಡೂದಿಲ್ಲ, ಅವರಿಗೇ ಹುಷಾರಿಲ್ಲ" ಎಂದರು. ನಾನು ಡಾಕ್ಟರು ಎಂದೆ. ಆಕೆಯ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ನಿರಾಳ ಕಂಡಿತು. ಒಳಗೆ ಕರೆದರು.

ಒಳಗಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಒಬ್ಬರು ಮಲಗಿದ್ದರು. ಹೆಂಡತಿ ಹೆಗಲು ಹಿಡಿದು ನಿಧಾನ ಹೊರಳಿಸಿದರು. ಆ ಮುಖ ನನ್ನ ಕಡೆ ತಿರುಗಿತು.

ಹೇಳಿ ಪ್ರಯೋಜನವಿಲ್ಲ, ಅದೇ ಮುಖ. ನಾನು ನೋಡಿದ್ದರಲ್ಲೆಲ್ಲ ಹೆಚ್ಚು ದುಂಡಗಿದ್ದದ್ದು. ಮೊದಲು ಮರದ ಲಾರಿ ಓಡಿಸುತ್ತಿದ್ದವರಂತೆ. ಎರಡು ತಿಂಗಳ ಹಿಂದೆ ನೀರಿನ ಕೊಡ ಎತ್ತಲು ಬಾಗಿದಾಗ ಬೆನ್ನಿನಲ್ಲಿ ಲಟಕ್ಕೆಂದು ಸದ್ದಾಗಿ, ಅಂದಿನಿಂದ ಎದ್ದಿಲ್ಲ. ಬೆನ್ನುಮೂಳೆಯ ಮೇಲೆ ಬೆರಳು ಆಡಿಸಿದೆ. ಒಂದು ಕಡೆ ಮುಟ್ಟಿದಾಗ ಉಸಿರು ಹಿಡಿದರು. ಮೂಳೆ ಕುಸಿದಿತ್ತು.

ಅವರು ಮೊದಲು ಕೇಳಿದ ಪ್ರಶ್ನೆ, "ಯಾರು ಹೇಳಿದ್ರು ನಿಮಗೆ?"

"ಯಾರೋ ಹೇಳಿದ್ರು ಅಂತ ನಿಮಗೆ ಯಾಕೆ ಅನ್ನಿಸ್ತು?"

"ಹೇಳದೇ ಇದ್ರೆ ನನ್ನ ಬೆನ್ನು ಮುರೀತಿರ್ಲಿಲ್ಲ," ಎಂದರು.

ಆಗ ನನ್ನ ಸಿಟ್ಟು ನಿಲ್ಲಲು ಜಾಗ ಸಿಗಲಿಲ್ಲ. ಅವರಿಗೆ ಲಾರಿ ಓಡಿಸುತ್ತಿದ್ದಾಗ ಸೊಂಟ ನೋವಿತ್ತು. ಹೆದ್ದಾರಿಯ ಹೋಟೆಲ್ಲೊಂದರಲ್ಲಿ ಸಿಕ್ಕ ಒಬ್ಬ ಮನುಷ್ಯ ಡಬ್ಬಿಯಲ್ಲಿ ಬಿಳಿ ಗುಳಿಗೆ ಕೊಟ್ಟ. ನೋವು ಹೋಯಿತು. ಅದನ್ನು ಕುಟ್ಟಿ ಶುಂಠಿ, ಅಶ್ವಗಂಧದ ಜೊತೆ ಸೇರಿಸಿ ಕೊಡು, ಯಾರಿಗೂ ಹೇಳಬಾರದೆಂದು ಕಟ್ಟು ಹಾಕು ಎಂದೂ ಅವನೇ ಕಲಿಸಿದ. ಗುಳಿಗೆಯ ಹೆಸರು ಇವರಿಗೆ ಗೊತ್ತಿಲ್ಲ. ತಂದುಕೊಡುತ್ತಿದ್ದವನ ಹೆಸರೂ ಸರಿಯಾಗಿ ಗೊತ್ತಿಲ್ಲ. ಮಲಗಿದಲ್ಲಿಂದ ಹೊಸ ಡಬ್ಬಿ ತರಿಸಲಾಗದೆ ಇವರ ಗುಳಿಗೆಯೂ ಮುಗಿದಿತ್ತು. ಆದರೆ ಕಟ್ಟನ್ನು ಇವರು ನಂಬಿದ್ದರು. ತಾನೇ ತಿನ್ನುವುದನ್ನು ಹೆಂಡತಿಗೂ ಹೇಳಿರಲಿಲ್ಲ. ಆಕೆ ಆ ಮಾತನ್ನು ನನ್ನೆದುರೇ ಮೊದಲ ಸಲ ಕೇಳಿ ಗೋಡೆಗೆ ಒರಗಿದರು.

ಏನಾಗಿದೆ ಎಂದು ಅವರಿಗೆ ವಿವರಿಸಿದೆ. ಊರಿನವರ ನೋವು, ಭಟ್ಟರು ಬಿದ್ದದ್ದು, ಮುದುಕಿ ಹೋದದ್ದು. ನಂತರ ಕೇಳಿದೆ: ನಿಮ್ಮ ಬಾಯಿಂದಲೇ ಹೇಳಿ, ನಾನು ಫೋನಿನಲ್ಲಿ ಹಿಡಿದುಕೊಂಡು ಹೋಗಿ ಕೇಳಿಸುತ್ತೇನೆ.

"ನಾನು ಹೇಳಿದ್ರೆ ಅವರಿಗೆ ನೋವು ಇನ್ನೂ ಜಾಸ್ತಿ ಆಗ್ತದೆ."

"ಈಗಾಗಲೇ ಆಗಿದೆ. ನೀವು ಸುಮ್ಮನಿದ್ದಾಗಲೇ ಆಗಿದೆ."

ಹೊರಗೆ ಲಾರಿಗಳು ಹಾದುಹೋದವು. ಹೆಂಡತಿ ಬಂದು ಮಂಚದ ಅಂಚಿನಲ್ಲಿ ಕೂತು, "ಹೇಳ್ರಿ. ನಂಗೂ ಕೇಳ್ಬೇಕು" ಎಂದರು. ಅವರು ಮಾತಾಡಿದರು. ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡು, ಮತ್ತೆ ಮಾತಾಡಿದರು. ಅದೇ ಸಂಜೆಯೊಳಗೆ ಅವರನ್ನು ಶಿರಸಿಗೆ ಸಾಗಿಸಿ, ಅವರಿಗೂ ಅದೇ ಇಂಜೆಕ್ಷನ್ ಶುರು ಮಾಡಿಸಿದೆ. ದೂರನ್ನೂ ಬರೆದುಕೊಟ್ಟೆ. ಅವರು ಅದನ್ನು ನಿರೀಕ್ಷಿಸಿದ್ದರು.

ಮರುದಿನ ಮಧ್ಯಾಹ್ನ ಹಳ್ಳಿಯ ಶಾಲೆಯ ಜಗಲಿಯಲ್ಲಿ ಜನ ಸೇರಿದರು. ನಾನು ಏನೂ ಪೀಠಿಕೆ ಹಾಕದೆ ಫೋನನ್ನು ಮೇಜಿನ ಮೇಲೆ ಇಟ್ಟು ಒತ್ತಿದೆ.

"ನಾನು, ಪುಡಿ ಕೊಡ್ತಿದ್ದವ," ಎಂದಿತು ದನಿ. "ನಂಗೂ ಅದೇ ನೋವು ಬಂದದೆ. ಯಾರೂ ಯಾರಿಗೂ ಹೇಳ್ಲಿಲ್ಲ. ಪುಡಿ ಮುಗೀತು, ಅದಕ್ಕೇ ನೋವು ಬಂತು. ಅದರಲ್ಲಿ ಇಂಗ್ಲಿಷ್ ಗುಳಿಗೆ ಇತ್ತು. ನಾನು ಹಾಕಿದ ಕಟ್ಟು ಸುಳ್ಳು. ಇನ್ನು ಹೇಳಿ. ಡಾಕ್ಟರಿಗೆ ಎಲ್ಲ ಹೇಳಿ."

 ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ, "ಮತ್ತೊಂದ್ಸಲ ಹಾಕಿ" ಎಂದ. ಮತ್ತೆ ಹಾಕಿದೆ. ಇನ್ನೊಂದು ಸಲ ಕೇಳಿದರು. ಮೂರನೆಯ ಸಲ ದನಿ ಮುಗಿದಾಗ ಆಶಾ ಕಾರ್ಯಕರ್ತೆ ಎದ್ದಳು. ಕಂಬ ಹಿಡಿದು ಮೆಟ್ಟಿಲಿಳಿದು ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಮಡಚಿದ ಖಾಲಿ ಕಾಗದದ ಪೊಟ್ಟಣಗಳ ಕಟ್ಟು ಇತ್ತು. ಬಿಸಾಡಲೂ ಹೆದರಿ ಇಟ್ಟುಕೊಂಡಿದ್ದಳು. ಮೇಜಿನ ಮೇಲಿಟ್ಟು, "ನಾಲ್ಕು ವರ್ಷದಿಂದ ಮೇಡಂ" ಎಂದಳು. ನಂತರ ಒಬ್ಬೊಬ್ಬರೇ ಎದ್ದು ಮನೆಗೆ ಹೋಗಿ ಬಂದರು. ಕೆಲವರ ಪೊಟ್ಟಣದ ಮಡಿಕೆಯಲ್ಲಿ ಇನ್ನೂ ಚೂರು ಪುಡಿ ಉಳಿದಿತ್ತು. ಅದನ್ನು ಪರೀಕ್ಷೆಗೆ ಕಳಿಸಿದೆ. ಬಹಳ ದಿನ ಬಿಟ್ಟು ಬಂದ ವರದಿ ನಾವು ಅಂದುಕೊಂಡಿದ್ದನ್ನೇ ಹೇಳಿತು. ಆವತ್ತು ಮಾತ್ರ ಜಗಲಿಯಲ್ಲಿ ಅವರು ಬಹಳ ದಿನಗಳ ನಂತರ ಒಬ್ಬರ ಮುಖವನ್ನೊಬ್ಬರು ನೇರ ನೋಡಿದರು. ಒಬ್ಬ ಹೆಂಗಸು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

ಇಸಳೂರಿನ ದರ್ಜಿಗೂ ಅದೇ ದನಿ ಕೇಳಿಸಿದೆ. ಆಕೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೇಳಿ, "ಹಂಗಾರ ನನ್ನ ತಂಗೀನ ಬಾಯಿ ಬಿಟ್ಟಾಳಂತ ಆಕಿ ಮ್ಯಾಲ ಸುಮ್ಮಸುಮ್ಮನ ಸಿಟ್ಟಾಗಿದ್ನಲ್ರಿ" ಎಂದಳು.

ಪುಡಿಯಲ್ಲಿದ್ದದ್ದನ್ನೇ ಈಗ ನಾನು ಹೆಸರು ಹೇಳಿ, ಗುಳಿಗೆಯಾಗಿ, ಅಳತೆ ಮಾಡಿ ಕೊಡಬೇಕಿತ್ತು. ಬೆಳಗ್ಗೆ ತಿಂಡಿಯಾದ ಮೇಲೆ ಪ್ರೆಡ್ನಿಸೊಲೋನ್. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಜ್ವರವೋ ವಾಂತಿಯೋ ಬಂದರೆ ಗುಳಿಗೆ ಬಿಡುವುದಲ್ಲ, ಎರಡರಷ್ಟು ತೆಗೆದುಕೊಂಡು ನನಗೆ ಫೋನ್ ಮಾಡುವುದು. ಹದಿನೈದು ದಿನಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಒತ್ತಡ ನೋಡುತ್ತಿದ್ದೆ. ಎಲ್ಲ ಸರಿಯಿದ್ದರೆ ಗುಳಿಗೆಯ ಅಳತೆಯನ್ನು ಒಂದಿಷ್ಟು ಇಳಿಸುತ್ತಿದ್ದೆ.

ಇಳಿಸಿದ ಎರಡು ಮೂರು ದಿನಕ್ಕೆ ನೋವು ಬರುತ್ತಿತ್ತು. ಬೇರೆ ಬೇರೆ ಮನೆಗಳಿಂದ ಒಂದೇ ಬೆಳಗ್ಗೆ ಫೋನ್‌ಗಳು ಶುರುವಾಗುತ್ತಿದ್ದವು. ನಡೆದರೆ ನೆಲ ಎಲುಬಿಗೆ ಹೊಡೆಯುತ್ತದೆ. ಚೊಂಬು ಹಿಡಿಯಲು ಬೆರಳು ಮಡಚುವುದಿಲ್ಲ. ಮೂಳೆ ಒಳಗೆ ಅದು ಮತ್ತೆ ಬಂದಿದೆ. 'ಅದು' ಎಂದೇ ಎಲ್ಲರೂ ಹೇಳುತ್ತಿದ್ದರು. ಗ್ರಂಥಿ ಇನ್ನೂ ನಿದ್ದೆಯಲ್ಲಿದೆ, ಏಳಿಸುತ್ತಿದ್ದೇವೆ, ಈ ನೋವು ಒಂದೆರಡು ವಾರದಲ್ಲಿ ಇಳಿಯುತ್ತದೆ ಎಂದು ನಾನು ಹೇಳುತ್ತಿದ್ದೆ. ಇಳಿಯುತ್ತಿತ್ತು ಕೂಡ. ಆಗ ನಾನು ಮತ್ತೆ ಇಳಿಸುತ್ತಿದ್ದೆ, 'ಅದು' ಮತ್ತೆ ಬರುತ್ತಿತ್ತು. ಯಾವ ದಿನ ಇಡೀ ಊರಿಗೆ ನೋವು ಬರುತ್ತದೆಂದು ಮೊದಲೇ ಗೊತ್ತಿರುವುದು, ಅದನ್ನು ತರುವ ಕೈ ನನ್ನದೇ ಆಗಿರುವುದು, ವೈದ್ಯರಿಗೂ ಒಳ್ಳೆಯ ಅನುಭವವಲ್ಲ. ನಾನು ಶಾಲೆಯ ಗೇಟು ದಾಟುತ್ತಿದ್ದಂತೆ ಜಗಲಿಯ ಮಾತು ನಿಂತುಬಿಡುತ್ತಿತ್ತು.

ಎಡವಿದ್ದೂ ಇದೆ. ಒಬ್ಬರು ನೋವು ತಾಳದೆ ಪೇಟೆಯಿಂದ ಗುಳಿಗೆ ಕೊಂಡು ಹೆಚ್ಚಿಗೆ ತಿಂದು, ಸಕ್ಕರೆ ಏರಿಸಿಕೊಂಡು ಬಂದರು. ಇನ್ನೊಬ್ಬರು ಹೇಗೂ ವಿಷವೇ ಅಲ್ಲವೇ ಎಂದು ಒಂದೇ ದಿನ ಎಲ್ಲ ಬಿಟ್ಟು ಶಿರಸಿ ಸೇರಿದರು. ನಾನು ಅವಸರ ಮಾಡುತ್ತಿದ್ದೇನೆ ಎಂದು ಪ್ರಾಧ್ಯಾಪಕರು ಗದರಿದರು. ಕೊನೆಯ ಐದು ಮಿಲಿಗ್ರಾಂ ಇಳಿಸಲು ಮೊದಲಿನದ್ದಕ್ಕೆಲ್ಲ ಹಿಡಿದಷ್ಟೇ ಕಾಲ ಹಿಡಿಯಲಿ ಎಂದರು. ಗುಳಿಗೆಯನ್ನು ಬ್ಲೇಡಿನಲ್ಲಿ ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ ಹೋದೆವು.

ಆಶಾ ಕಾರ್ಯಕರ್ತೆಯ ನೋವು ಮಾತ್ರ ಬೇರೆ ದಾರಿ ಹಿಡಿಯಿತು. ಎಲ್ಲರದ್ದು ಏರಿ ಇಳಿಯುತ್ತಿದ್ದರೆ ಅವಳದು ಏರಿದ್ದು ಇಳಿಯಲಿಲ್ಲ. ತೊಡೆಯ ಸಂದಿನಲ್ಲಿ, ಒಂದೇ ಕಡೆ. ಕಾಲನ್ನು ಒಳಗೆ ತಿರುಗಿಸಿದರೆ ಹಲ್ಲು ಕಚ್ಚುತ್ತಿದ್ದಳು. ಇದನ್ನು ಇಳಿಸುವಿಕೆಯ ನೋವೆಂದು ನಾನು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ರಕ್ತ ಸಿಗದೆ ಸತ್ತಿತ್ತು; ಸ್ಟೆರಾಯ್ಡ್ ತಿಂದವರಲ್ಲಿ ಹೀಗಾಗುವುದುಂಟು.

"ಒಳಗೆ ಸತ್ತದ್ದು ಹೊರಗೆ ಗೊತ್ತೇ ಆಗ್ಲಿಲ್ಲ ಅಲ್ವಾ ಮೇಡಂ," ಎಂದಳು ಅವಳು, ಸ್ಕ್ಯಾನಿನ ಕರಿಹಾಳೆಯನ್ನು ಕಿಟಕಿಗೆ ಹಿಡಿದು ನೋಡುತ್ತ. ಶಸ್ತ್ರಚಿಕಿತ್ಸೆಯಾಯಿತು. ಈಗ ಕೋಲು ಹಿಡಿದು ಮನೆಮನೆಗೆ ಹೋಗುತ್ತಾಳೆ. ಯಾರ ಮನೆಯಲ್ಲಿ ಯಾವ ಗುಳಿಗೆ ಇದೆ ಎಂದು ಡಬ್ಬಿ ತೆಗೆಸಿ ನೋಡದೆ ಹೊರಡುವುದಿಲ್ಲ.

ಪುಡಿ ಕೊಡುತ್ತಿದ್ದವರು ಮುಂದಿನ ಮಳೆಗಾಲ ನೋಡಲಿಲ್ಲ. ಶ್ವಾಸಕೋಶದ ಸೋಂಕಾಗಿ ಶಿರಸಿಯಲ್ಲೇ ತೀರಿಕೊಂಡರು. ಅವರ ಹೆಂಡತಿ ನನಗೆ ಫೋನ್ ಮಾಡಿ, "ಅವರ ದನಿ ನಿಮ್ಮ ಹತ್ರ ಅದೆಯಲ್ಲ, ನಂಗೂ ಕಳಿಸಿ" ಎಂದರು. ಕಳಿಸಿದೆ.

ಅಡುಗೆ ಭಟ್ಟರ ಗುಳಿಗೆ ಎಲ್ಲರಿಗಿಂತ ಮೊದಲು ಮುಗಿಯಿತು. ಹಿಂದಿನ ದಿನದ ಗುಳಿಗೆ ತಪ್ಪಿಸಿ ಬೆಳಗ್ಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿತ್ತು. ಗ್ರಂಥಿ ಎದ್ದಿತ್ತು. ಮುಖ ಇಳಿದು, ಗಲ್ಲದ ಮೂಳೆ ಕಾಣತೊಡಗಿ, ಅವರು ನಾನು ಅಲ್ಲಿಯವರೆಗೆ ನೋಡಿಯೇ ಇರದ ಬೇರೊಬ್ಬ ಮನುಷ್ಯರಾಗಿದ್ದರು. ಹುಲೇಕಲ್ ಕಡೆಯ ಒಂದು ಮದುವೆಯ ಅಡುಗೆ ಒಪ್ಪಿಕೊಂಡಿದ್ದಾರೆಂದು ಕೇಳಿದೆ.

ಆ ಮದುವೆ ಮುಗಿದ ಮೇಲೆ ಒಂದು ದಿನ ಬಂದು ಬೆಂಚಿನ ಮೇಲೆ ಕೂತರು. ಸರದಿ ಬಂದಾಗ ಒಳಗೆ ಬಂದು, "ನೋವು ಬಂಜು" ಎಂದರು.

ನೋವು ಬಂದಿದೆ ಎಂದ ಕೂಡಲೇ ಮಂಚ ತೋರಿಸಿದೆ. ಮಲಗಿಸಿ ಒತ್ತಡ ನೋಡಿದೆ, ನಿಲ್ಲಿಸಿ ನೋಡಿದೆ. ಸರಿಯಿತ್ತು. ಸಕ್ಕರೆ ಸರಿಯಿತ್ತು. ವಾಂತಿ ಇಲ್ಲ, ಸುಸ್ತಿಲ್ಲ.

"ಮತ್ತೆ ಅದೇಯ?" ಎಂದೆ.

"ಅಲ್ಲ ತಂಗಿ. ಅದು ಅಲ್ಲ." ಅವರು ಪಂಚೆ ಮೇಲೆತ್ತಿ ಬಲ ಮೊಣಕಾಲು ತೋರಿಸಿದರು. "ಇದು ಪುಡಿ ತಿಂಬಲೆ ಶುರು ಮಾಡೂಕಿಂತ ಮೊದ್ಲು ಇದ್ದಿದ್ದು. ಒಲೆ ಮುಂದೆ ನಿಂತು ನಿಂತು ಬಂದಿದ್ದು. ಹತ್ತಿಳಿಯಕ್ಕಿದ್ರೆ ಇಲ್ಲಿ ಒಳಬದಿಗೆ ಹಿಡಿತು, ಕೂತ್ರೆ ಬಿಡ್ತು. ಇದು ಯನ್ನದೇಯ. ಗುರುತು ಸಿಕ್ತು."

ಅಷ್ಟು ವರ್ಷ ಕಾಣೆಯಾಗಿದ್ದ ಯಾರನ್ನೋ ಪರಿಚಯಿಸುವ ಹಾಗೆ ಹೇಳಿದರು. ಮೊಣಕಾಲಿನ ಮೇಲೆ ಅಂಗೈ ಇಟ್ಟು ಮಡಚಿ ಬಿಡಿಸಿದೆ. ಕೈ ಕೆಳಗೆ ಸವೆದ ಕೀಲು ಕರಕರ ಎಂದಿತು. ಬಾವು ಇರಲಿಲ್ಲ.

ಗುಳಿಗೆ ಬೇಕೇ ಎಂದು ಕೇಳಿದೆ. ಬೇಡ ಎಂದರು. ತೊಡೆಯ ಸ್ನಾಯು ಬಿಗಿ ಮಾಡುವ ವ್ಯಾಯಾಮ ತೋರಿಸಿ, ಅಡುಗೆಮನೆಯಲ್ಲಿ ನಡುನಡುವೆ ಕೂರಲು ಒಂದು ಎತ್ತರದ ಸ್ಟೂಲು ಇಟ್ಟುಕೊಳ್ಳಿ ಎಂದೆ. ತಲೆಯಾಡಿಸಿ ಎದ್ದರು. ಕೇಂದ್ರದ ಮೆಟ್ಟಿಲಿಳಿಯುವಾಗ ಕಂಬ ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲನ್ನು ತುಸು ಹೊರಗೆ ಬೀಸಿ ಇಳಿದರು. ಆ ಊರಿನಲ್ಲಿ ಇನ್ಯಾರೂ ಹಾಗೆ ಕುಂಟುವುದಿಲ್ಲ.